ವಿಮಾನದಲ್ಲಿ ಬೇಬಿಯಕ್ಕನ ಪಾಲು

ಬೇಬಿಯಕ್ಕ ಕೂತದ್ದನ್ನು ನಾನು ನೋಡಿದ್ದು ಒಂದೇ ಸಲ. ಮಣಿಪಾಲದ ನಮ್ಮ ಬಾಡಿಗೆ ಮನೆಯ ಮುಂದೆ ವರ್ಷಗಟ್ಟಲೆ ಮೀನಿನ ಬುಟ್ಟಿ ಇಳಿಸಿದವಳು ಒಂದು ದಿನವೂ ಆ ಮೆಟ್ಟಿಲಿನ ಮೇಲೆ ಕುಳಿತವಳಲ್ಲ. "ಕೂತುಕೊಳ್ಳಿ ಬೇಬಿಯಕ್ಕ, ಒಂದು ಲೋಟ ನೀರು ಕುಡಿಯಿರಿ" ಎಂದರೆ ನೀರನ್ನು ನಿಂತೇ ಕುಡಿದು, "ಕೂತರೆ ಮೀನು ಹಾಳಾಗ್ತದೆ ಟೀಚರೇ" ಎನ್ನುತ್ತಿದ್ದಳು. ಬುಟ್ಟಿ ಖಾಲಿಯಾಗಿ ತಳದಲ್ಲಿ ಉಪ್ಪುನೀರು ಮಾತ್ರ ಉಳಿದ ದಿನವೂ ಅದೇ ಮಾತು.

ಕಾಪುವಿನ ಕಡಲ ಬದಿಯಲ್ಲಿ ಅವಳ ಮನೆ. ಬೆಳಗಿನ ಮೊದಲ ಬಸ್ಸಿನಲ್ಲಿ ಉಡುಪಿ, ಅಲ್ಲಿಂದ ಮಣಿಪಾಲ, ವಾರಕ್ಕೊಮ್ಮೆ ಶಿರ್ವದ ದಾರಿಯಾಗಿ ಕಾರ್ಕಳ. ಬಸ್ಸಿನಲ್ಲಿ ಸೀಟು ಖಾಲಿ ಇದ್ದರೂ ಬಾಗಿಲ ಬಳಿಯೇ ನಿಲ್ಲುತ್ತಿದ್ದಳು. ಗಂಡ ಉಮಾನಾಥ ಬೊಂಬಾಯಿಯ ಮೀನಿನ ಬೋಟಿನಲ್ಲಿ ದುಡಿಯುತ್ತಿದ್ದ, ಮಳೆಗಾಲಕ್ಕೆ ಊರಿಗೆ ಬರುತ್ತಿದ್ದ. ಹೆಂಡತಿ ತನ್ನ ಪಕ್ಕದಲ್ಲಿ ಕೂತು ಉಂಡದ್ದು ಮದುವೆಯ ದಿನ ಮಾತ್ರ ಎಂದು ಅವನ ದೂರು. ನಾನು ಸೆಲೀನ್, ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡುವವಳು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಹಾಗಾಗಿ ಒಂದು ಕಡೆ ನಿಲ್ಲದವರನ್ನು ಕಂಡರೆ ನನಗೆ ಆಗುವುದಿಲ್ಲ. ಆದರೂ ಬೇಬಿಯಕ್ಕ ತರುತ್ತಿದ್ದಂಥ ಕಾಣೆ ಮೀನು ಬೇರೆ ಯಾರೂ ತರುತ್ತಿರಲಿಲ್ಲವಾದ್ದರಿಂದ ಸಹಿಸಿಕೊಂಡಿದ್ದೆ.

ಸಹಿಸಲಾಗದ್ದು ಇನ್ನೊಂದಿತ್ತು. ಬಜಪೆಯ ನಿಲ್ದಾಣದಿಂದ ಬೊಂಬಾಯಿಗೆ ಹೋಗುವ ವಿಮಾನ ಅವಳು ನಮ್ಮಲ್ಲಿಗೆ ಬರುವ ಹೊತ್ತಿಗೇ ಪಡುವಣ ಆಕಾಶದಲ್ಲಿ ಗುಂಯ್ ಎನ್ನುತ್ತಿತ್ತು. ಸದ್ದು ಕೇಳಿದ ಕೂಡಲೇ ಬಗ್ಗಿ ನಿಂತೇ ಮೀನು ಕೊಯ್ಯುತ್ತಿದ್ದವಳ ಕೈ ತಡೆದು ಮುಖ ಮೇಲಕ್ಕೆ ಹೋಗುತ್ತಿತ್ತು. ವಿಮಾನ ಮರೆಯಾಗುವ ತನಕ ನನ್ನ ಬಂಗುಡೆಗೆ ಕಾಗೆಯೇ ಕಾವಲು. ಒಂದು ದಿನ ನನಗೆ ತಡೆಯಲಿಲ್ಲ.

"ದಿನಾ ಹೋಗುವ ವಿಮಾನ ಅದು. ಎಂತ ನೋಡುದು ಅದರಲ್ಲಿ?" ಎಂದೆ.

"ಇದು ದೊಡ್ಡದು. ನಂದು ಸಣ್ಣದು."

"ನಿಮ್ಮದಾ?"

"ನನ್ನ ಪಾಲು ಉಂಟು ಅದರಲ್ಲಿ" ಎಂದಳು, ಗದ್ದೆಯಲ್ಲೋ ತೋಟದಲ್ಲೋ ಪಾಲು ಇರುವವರ ಗತ್ತಿನಲ್ಲಿ. ನಾನು ನಕ್ಕೆ. ಅವಳು ನಗಲಿಲ್ಲ. ಬಂಗುಡೆಯ ತಲೆಗಳನ್ನು ಬೇಕೆಂದೇ ಒರಟಾಗಿ ಕತ್ತರಿಸಿ ಕೊಟ್ಟು ಹೊರಟುಹೋದಳು. ಪೂರ್ತಿ ಕತೆ ನನಗೆ ಸಿಕ್ಕಿದ್ದು ಆಮೇಲೆ, ಮೆಟ್ಟಿಲಿನ ಮುಂದೆ ನಿಂತುಕೊಂಡೇ, ತುಂಡು ತುಂಡಾಗಿ.

ರಂಪಣಿ ಎಂದರೆ ಏನೆಂದು ಕಾಪು, ಹೆಜಮಾಡಿಯವರಿಗೆ ಹೇಳಬೇಕಾಗಿಲ್ಲ. ಘಟ್ಟದ ಮೇಲಿನವರಿಗಾಗಿ ಹೇಳುತ್ತೇನೆ. ಅದು ಊರಿಗೆ ಊರೇ ಸೇರಿ ಎಳೆಯುವ ಬಲೆ. ದಡದಲ್ಲಿ ನಿಂತವನೊಬ್ಬ ನೀರಿನಲ್ಲಿ ಕಪ್ಪು ನೆರಳು ಓಡಾಡುವುದನ್ನು ಕಂಡು, ಮೀನಿನ ಹಿಂಡು ಬಂತೆಂದು ಕೂಗುತ್ತಾನೆ. ದೋಣಿಯವರು ಆ ನೆರಳಿನ ಸುತ್ತ ಬಲೆ ಬಿಟ್ಟು ಬರುತ್ತಾರೆ. ಬಲೆಯ ಎರಡು ತುದಿಯ ಹಗ್ಗಗಳನ್ನು ದಡದಲ್ಲಿ ಎರಡು ಸಾಲು ಜನ ಹಿಡಿದು ಎಳೆಯುತ್ತಾರೆ. ಮೀನು ಮರಳಿಗೆ ಬಂದ ಮೇಲೆ ರಂಪಣಿಯ ಹಿರಿಯ, ಅವನನ್ನು ತಾಂಡೇಲ ಎನ್ನುವುದು, ಹಗ್ಗಕ್ಕೆ ಕೈಹಾಕಿದ ಪ್ರತಿಯೊಬ್ಬನಿಗೂ ಪಾಲು ಹಾಕುತ್ತಾನೆ. ದಾರಿಯಲ್ಲಿ ಹೋಗುತ್ತಿದ್ದವನು ಬಂದು ಹಗ್ಗ ಹಿಡಿದರೂ ಅವನಿಗೊಂದು ಪಾಲು ಉಂಟು. ಹೆಂಗಸರಿಗೆ ಮಾತ್ರ ಇಲ್ಲ, ಏಕೆಂದರೆ ಹೆಂಗಸರು ಹಗ್ಗ ಹಿಡಿಯುವ ಪದ್ಧತಿಯೇ ಇರಲಿಲ್ಲ. ಬುಟ್ಟಿ ಹಿಡಿದು ನಿಂತವರಿಗೆ ಕೊನೆಯಲ್ಲಿ ಒಂದಿಷ್ಟು ಬೊಗಸೆಯಲ್ಲಿ ಸುರಿಯುತ್ತಿದ್ದರು. ಅದು ದಾಕ್ಷಿಣ್ಯಕ್ಕೆ ಕೊಟ್ಟದ್ದು, ಪಾಲಲ್ಲ. ಈ ವ್ಯತ್ಯಾಸ ಬೇಬಿಯಕ್ಕನಿಗೆ ಚಿಕ್ಕಂದಿನಿಂದಲೂ ಚುಚ್ಚುತ್ತಿತ್ತು.

ಸಾವಿರದ ಒಂಬೈನೂರ ಎಪ್ಪತ್ತನೆಯ ಇಸವಿಯ ಅಕ್ಟೋಬರ್ ತಿಂಗಳು. ಮಧ್ಯಾಹ್ನ ಕಳೆದಿತ್ತು, ಮೂಡಣದಲ್ಲಿ ಗುಡುಗಿನ ಮೋಡ ಕಟ್ಟಿತ್ತು. ಕಾಪುವಿನ ದೀಪಸ್ತಂಭದಿಂದ ತುಸು ತೆಂಕಣಕ್ಕೆ ಸರ್ವೋತ್ತಮ ತಾಂಡೇಲರ ರಂಪಣಿ ಬಂಗುಡೆಯ ದೊಡ್ಡ ಹಿಂಡೊಂದನ್ನು ಸುತ್ತುಹಾಕಿ ಹಗ್ಗ ಎಳೆಯಲು ತೊಡಗಿತ್ತು. ಅಷ್ಟರಲ್ಲಿ ಮೋಡದ ಅಡಿಯಿಂದ ಒಂದು ಸಣ್ಣ ಬಿಳಿ ವಿಮಾನ ಕೆಮ್ಮುತ್ತಾ ಬಂದು, ದೀಪಸ್ತಂಭಕ್ಕೆ ಒಂದು ಸುತ್ತು ಹಾಕಿ, ಮರಳಿನ ಮೇಲೆ ಇಳಿದು ಓಡಿ, ಅಲೆಯ ಅಂಚಿನ ಹಸಿ ಮರಳಿನಲ್ಲಿ ಚಕ್ರ ಹೂತು ನಿಂತಿತು. ಅದರೊಳಗಿಂದ ಪ್ಯಾಂಟು ಹಾಕಿದ, ಕೂದಲು ಕತ್ತರಿಸಿದ ಹೆಂಗಸೊಬ್ಬಳು ಹಾರಿ ಇಳಿದು ಮೊದಲು ಇಂಗ್ಲಿಷಿನಲ್ಲಿ, ಆಮೇಲೆ ಕೊಂಕಣಿಯಲ್ಲಿ ಕೂಗಿದಳು. ಕಡಲು ಏರುತ್ತಿತ್ತು. ಇನ್ನು ಸ್ವಲ್ಪ ಹೊತ್ತು ಬಿಟ್ಟರೆ ವಿಮಾನ ನೀರುಪಾಲು.

ಅವಳೇ ಲೊರ್ನಾ ಸಿಕ್ವೇರಾ. ಅವಳ ಅಪ್ಪ ಕಾರ್ಕಳದಿಂದ ನೈರೋಬಿಗೆ ರೈಲ್ವೆ ಗುಮಾಸ್ತನಾಗಿ ಹೋದವರು. ಅಲ್ಲೇ ಹುಟ್ಟಿ ಬೆಳೆದ ಮಗಳು ಒಂದೇ ಇಂಜಿನಿನ ವಿಮಾನದಲ್ಲಿ ಒಬ್ಬಳೇ ಆಫ್ರಿಕದಿಂದ ಹೊರಟು, ಅರಬರ ದಂಡೆ ಹಿಡಿದು, ಬೊಂಬಾಯಿ ಮುಟ್ಟಿ, ಅಪ್ಪನ ಊರಿಗೆ ಬರುತ್ತಿದ್ದಳು. ಬಜಪೆಯಲ್ಲಿ ನಮ್ಮ ಕ್ರಿಸ್ತುವ ಜನ ಹಾರ ಹಿಡಿದು ಕಾದಿದ್ದರು. ಗುಡ್ಡದ ಮೇಲೆಲ್ಲ ಮೋಡ ಮುಚ್ಚಿ ಇಳಿಯಲಾಗದೆ, ಎಣ್ಣೆಯೂ ಮುಗಿಯುತ್ತಾ ಬಂದು, ಅವಳು ಕಡಲ ಕಡೆಗೆ ತಿರುಗಿಸಿದ್ದಳು. ದೀಪಸ್ತಂಭ ಕಂಡಿತು, ಮರಳು ಕಂಡಿತು, ಇಳಿದೇ ಬಿಟ್ಟಳು.

ಗಂಡಸರೆಲ್ಲ ರಂಪಣಿಯ ಹಗ್ಗದಲ್ಲಿದ್ದರು. ಅರ್ಧ ಎಳೆದ ಬಲೆಯ ಹಗ್ಗ ಬಿಟ್ಟರೆ ಹಿಂಡು ತಪ್ಪಿಸಿಕೊಳ್ಳುತ್ತದೆ. ಬೇಬಿಯಕ್ಕ ಬುಟ್ಟಿ ಎಸೆದು, ಮರಳಿನ ಮೇಲೆ ಬಿದ್ದಿದ್ದ ಹೆಚ್ಚಿನ ಹಗ್ಗವನ್ನು ಹೆಗಲಿಗೆ ಹಾಕಿಕೊಂಡು ಓಡಿದಳು. ಲೊರ್ನಾ ತೋರಿಸಿದಲ್ಲಿ ಚಕ್ರದ ಕಾಲಿಗೆ ಕಟ್ಟಿದರು. ಬೇಬಿಯಕ್ಕ ಕೂಗಿದ್ದಕ್ಕೆ ಅವಳ ತಂಗಿ ಮೋಹಿನಿ ಬಂದಳು, ಬುಟ್ಟಿ ಹಿಡಿದು ನಿಂತಿದ್ದ ಹೆಂಗಸರೆಲ್ಲ ಬಂದರು. ಎಳೆದರು. ವಿಮಾನ ಒಂದು ಗೇಣು ಬಂದು ಮತ್ತೆ ಹೂತಿತು. ಅಲೆ ಚಕ್ರದ ಮೇಲೆ ಹಾಯಿತು. ಬೇಬಿಯಕ್ಕ ತಾಂಡೇಲರ ಕಡೆ ತಿರುಗಿ ನೋಡಿದಳು.

ಸರ್ವೋತ್ತಮ ತಾಂಡೇಲರು ಒಮ್ಮೆ ಬಲೆಯನ್ನು ನೋಡಿದರು, ಒಮ್ಮೆ ವಿಮಾನವನ್ನು ನೋಡಿದರು. "ಬಂಗುಡೆ ನಾಳೆಯೂ ಬರ್ತದೆ. ಬಿಡಿ ಹಗ್ಗ" ಎಂದರು. ಎರಡೂ ಸಾಲಿನ ಗಂಡಸರು ಓಡಿಬಂದು ಹೆಂಗಸರ ಹಿಂದೆ ಮುಂದೆ ನಿಂತು ಹಗ್ಗ ಹಿಡಿದರು. ಹೈಸಾ ಎಂದು ಒಟ್ಟಿಗೆ ಕೂಗು ಹಾಕಿ ಎಳೆದೆಳೆದು ವಿಮಾನವನ್ನು ತೆಂಗಿನ ಬುಡದ ತನಕ ತಂದು ನಿಲ್ಲಿಸಿದಾಗ ಮಳೆ ಶುರುವಾಗಿತ್ತು. ಅತ್ತ ಬಲೆ ಸಡಿಲಾಗಿ ಇಡೀ ಹಿಂಡು ಕಡಲಿಗೆ ಮರಳಿತ್ತು. ಆ ವರ್ಷ ಕಾಪುವಿನಲ್ಲಿ ಮತ್ತೆ ಅಂಥ ಹಿಂಡು ಕಾಣಲಿಲ್ಲ.

ಮಳೆಯಲ್ಲಿ ನೆನೆದು ನಿಂತ ಜನ ತಾಂಡೇಲರ ಮುಖ ನೋಡಿದರು. ಬಲೆ ಹಾಕಿದ ದಿನ ಪಾಲು ಹಾಕದೆ ಮನೆಗೆ ಹೋಗುವ ಕ್ರಮವಿಲ್ಲ. ತಾಂಡೇಲರು ತಮಾಷೆಯ ಮನುಷ್ಯ. ವಿಮಾನದ ರೆಕ್ಕೆಗೆ ತಟ್ಟಿ, "ಇವತ್ತು ನಾವು ಎಳೆದದ್ದು ಇದನ್ನು. ಪಾಲು ಇದರಲ್ಲೇ. ಹಗ್ಗ ಹಿಡಿದ ಎಲ್ಲರಿಗೂ ಉಂಟು, ಹೆಂಗಸರಿಗೂ" ಎಂದರು. ಎಲ್ಲರೂ ನಕ್ಕರು. ಲೊರ್ನಾ ಕೂಡ ನಕ್ಕಳು. ಬೇಬಿಯಕ್ಕನಿಗೆ ಮಾತ್ರ ನಗೆ ಬರಲಿಲ್ಲ. ಅವಳ ಹೆಸರಿಗೆ ಹುಟ್ಟಿದಂದಿನಿಂದ ಬಂದ ಮೊದಲನೆಯ ಪಾಲು ಅದು.

ಆ ದಿನ ಲೊರ್ನಾ ತಂಗಿದ್ದು ಬೇಬಿಯಕ್ಕನ ಮನೆಯಲ್ಲಿ. ಗಂಜಿ ಉಂಡಳು, ಉಪ್ಪಿನಕಾಯಿ ಬೇಡವೆಂದು ಸುಟ್ಟ ಒಣಮೀನು ಕೇಳಿ ಹಾಕಿಸಿಕೊಂಡಳು. ಮರುದಿನ ಬೆಳಿಗ್ಗೆ ಬಜಪೆಯಿಂದ ಜೀಪಿನಲ್ಲಿ ಎಣ್ಣೆ ಬಂತು. ಕಡಲು ಇಳಿದು ಮರಳು ಗಟ್ಟಿಯಾಗಿತ್ತು. ಲೊರ್ನಾ ಹತ್ತಲು ಹೊರಟಾಗ ಬೇಬಿಯಕ್ಕ ರೆಕ್ಕೆಯ ಅಡಿಗೆ ಹೋಗಿ ನಿಂತಳು.

"ಬಾಯಮ್ಮ, ನನ್ನ ಪಾಲು?"

ಕ್ರಿಸ್ತುವರ ಹೆಂಗಸರನ್ನು ಬಾಯಮ್ಮ ಎಂದು ಕರೆಯುವುದು ಇಲ್ಲಿಯ ಮರ್ಯಾದೆ. ಲೊರ್ನಾ ತನ್ನ ಮುರುಕು ಭಾಷೆಯಲ್ಲಿ, "ಎಂತ ಬೇಕು ನಿನಗೆ?" ಎಂದು ಕೇಳಿದಳು.

"ಒಂದು ಸುತ್ತು. ಮೇಲಿಂದ ಕಾಪು ನೋಡಬೇಕು."

"ಈ ಮರಳಿನಿಂದ ಇಬ್ಬರನ್ನು ಎತ್ತಲು ಆಗುದಿಲ್ಲ ಬೇಬಿ. ಬಜಪೆಗೆ ಮತ್ತೆ ಬರ್ತೇನೆ, ಕರೆಸ್ತೇನೆ. ನಿನ್ನ ಪಾಲು ನನ್ನ ಹತ್ತಿರ ಉಂಟು" ಎಂದು ಅವಳ ಕೈ ಹಿಡಿದು ಹೇಳಿ ಲೊರ್ನಾ ಹಾರಿಹೋದಳು. ಉಡುಪಿಯಿಂದ ಫೋಟೋದವನು ಬಂದು ತಲುಪಿದ್ದು ಆಮೇಲೆ. ಅವನಿಗೆ ಸಿಕ್ಕಿದ್ದು ಮರಳಿನ ಮೇಲಿನ ಚಕ್ರದ ಗುರುತು ಮಾತ್ರ. ಅದನ್ನೇ ತೆಗೆದುಕೊಂಡು ಹೋದ.

ಇನ್ನು ಕೀರ್ತಿಯ ವಿಷಯ. ಲೊರ್ನಾಳಿಗೆ ಬಂದ ಕೀರ್ತಿ ಸಾಮಾನ್ಯದ್ದಲ್ಲ. ಪತ್ರಿಕೆಗಳಲ್ಲಿ ಅವಳ ಚಿತ್ರ, ಕ್ಯಾಲೆಂಡರಿನಲ್ಲಿ ಅವಳ ಚಿತ್ರ, ಕಾರ್ಕಳದ ಹೇರ್ ಕಟಿಂಗ್ ಅಂಗಡಿಯಲ್ಲೂ ಅವಳ ಚಿತ್ರ. ಆ ವರ್ಷ ನಮ್ಮ ಕಡೆ ಹುಟ್ಟಿದ ಹೆಣ್ಣುಮಕ್ಕಳಿಗೆಲ್ಲ ಅದೇ ಹೆಸರಿಟ್ಟರು. ಮುಂದೆ ಅವರು ನನ್ನ ತರಗತಿಗೆ ಬಂದಾಗ ಒಬ್ಬಳು ಲೊರ್ನಾಳನ್ನು ಕರೆದರೆ ಬೆಂಚು ಬೆಂಚುಗಳಿಂದ ಲೊರ್ನಾಗಳು ಎದ್ದು ನಿಲ್ಲುತ್ತಿದ್ದರು. ಅವರಲ್ಲಿ ಒಬ್ಬಳಿಗೂ ಭೂಪಟದಲ್ಲಿ ನೈರೋಬಿ ತೋರಿಸಲು ಬರುತ್ತಿರಲಿಲ್ಲ. ದೊಡ್ಡ ಲೊರ್ನಾ ಮಾತ್ರ ಹಾರುತ್ತಲೇ ಇದ್ದಳು. ಸಿಂಗಾಪುರಕ್ಕೆ ಒಬ್ಬಳೇ, ಯುರೋಪಿಗೆ ಒಬ್ಬಳೇ. ಪ್ರತಿ ಸಲವೂ ಪತ್ರಿಕೆಯವರು ಮೊದಲ ಹಾರಾಟದ ಕತೆಯನ್ನು ಮತ್ತೆ ಬರೆಯುತ್ತಿದ್ದರು. ಆ ಕತೆಯಲ್ಲಿ ಅವಳು ಒಂದು ನಿರ್ಜನ ಕಡಲ ತೀರದಲ್ಲಿ ಇಳಿದು, ರಾತ್ರಿಯಿಡೀ ಒಬ್ಬಳೇ ಕಳೆದು, ಬೆಳಿಗ್ಗೆ ಹಾರಿದ್ದಳು.

ನಿರ್ಜನ ಅಂತೆ. ಒಂದು ಊರಿನ ಗಂಡಸರು, ಹೆಂಗಸರು, ತಪ್ಪಿಹೋದ ಒಂದು ಹಿಂಡು ಬಂಗುಡೆ, ಇಷ್ಟನ್ನೂ ಒಂದೇ ಶಬ್ದದಲ್ಲಿ ಗುಡಿಸಿ ಹಾಕಿದ್ದರು. ನನಗೆ ಅದನ್ನು ಓದಿದಾಗಲೆಲ್ಲ ಮೈ ಉರಿಯುತ್ತಿತ್ತು. ಬೇಬಿಯಕ್ಕನಿಗೆ ಓದಲು ಬರುತ್ತಿರಲಿಲ್ಲ, ನಾನು ಹೇಳಿದೆ. ಅವಳು, "ಬಾಯಮ್ಮ ಹಾಗೆ ಹೇಳಿರಲಿಕ್ಕಿಲ್ಲ. ನನ್ನ ಮನೆಯಲ್ಲಿ ಉಂಡವರು ಅವರು" ಎಂದು ಬುಟ್ಟಿ ಎತ್ತಿದಳು.

ಅವಳು ಕೈಕಟ್ಟಿ ಕಾಯುವ ಜಾತಿಯವಳಲ್ಲ. ಎಪ್ಪತ್ತೊಂದರಲ್ಲಿ ಉಡುಪಿಯಲ್ಲಿ ಲೊರ್ನಾಳಿಗೆ ಸನ್ಮಾನವಾದಾಗ ಬುಟ್ಟಿ ಮನೆಯಲ್ಲಿಟ್ಟು, ಮಿಂದು, ತಲೆತುಂಬ ಶಂಕರಪುರದ ಮಲ್ಲಿಗೆ ಮುಡಿದು ಹೋಗಿದ್ದಳು. ಪಾಸು ಇಲ್ಲವೆಂದು ಬಾಗಿಲಲ್ಲೇ ನಿಲ್ಲಿಸಿದರು. ಲೊರ್ನಾ ಹಿಂಬಾಗಿಲಿನಿಂದ ಕಾರು ಹತ್ತಿ ಹೋದದ್ದು ಗೊತ್ತಾಗಿ ಕಾರಿನ ಹಿಂದೆ ಬಸ್‌ಸ್ಟ್ಯಾಂಡಿನ ತನಕ ಓಡಿದಳಂತೆ. ಇನ್ನೊಮ್ಮೆ ಲೊರ್ನಾ ಮಣಿಪಾಲಕ್ಕೆ ಬರುತ್ತಾಳೆಂದು ಸುದ್ದಿ ಹಬ್ಬಿದಾಗ ಮನೆಮನೆಗೂ ಮೀನು ಕೊಡುತ್ತಾ, ಕಾಣುವ ಪ್ರತಿ ಕಾರಿಗೂ ಬಗ್ಗಿ ನೋಡುತ್ತಾ ಇಡೀ ದಿನ ಗುಡ್ಡ ಹತ್ತಿ ಇಳಿದಳು. ಬಂದದ್ದು ಬೇರೆ ಯಾರೋ. ಬಜಪೆಗೂ ಹೋಗಿ ಬೇಲಿಯ ಹೊರಗೆ ನಿಂತು ಬಂದಿದ್ದಳು. "ಒಂದು ಸುತ್ತಿಗೆ ಇಷ್ಟು ಒದ್ದಾಟ ಎಂತಕ್ಕೆ ಮಾರಾಯ್ತಿ?" ಎಂದು ಉಮಾನಾಥ ಕೇಳಿದರೆ, "ಸುತ್ತು ಅಲ್ಲ, ಪಾಲು" ಎನ್ನುತ್ತಿದ್ದಳು. ಅವನು ಬೀಡಿ ಹಚ್ಚಿ ಹೊರಗೆ ಹೋಗುತ್ತಿದ್ದ.

ಅಷ್ಟರಲ್ಲಿ ಕಡಲೇ ಬದಲಾಯಿತು. ಇಂಜಿನ್ ಬೋಟುಗಳು ದೊಡ್ಡ ಬಲೆ ಕಟ್ಟಿಕೊಂಡು ದೂರದಲ್ಲೇ ಹಿಂಡನ್ನು ಬಾಚತೊಡಗಿದವು. ದಡದಲ್ಲಿ ನಿಂತು ನೆರಳು ನೋಡುವವನಿಗೆ ನೋಡಲು ನೆರಳೇ ಬರಲಿಲ್ಲ. ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ಕಾಪುವಿನ ರಂಪಣಿ ನಿಂತಿತು. ಹಗ್ಗ ಎಳೆಯುತ್ತಿದ್ದವರಲ್ಲಿ ಕೆಲವರು ಮಲ್ಪೆಯ ಬೋಟುಗಳಿಗೆ, ಕೆಲವರು ಬೊಂಬಾಯಿಗೆ, ಕೆಲವರು ಗಲ್ಫಿಗೆ ಹೋದರು. ಬಲೆ, ಹಗ್ಗ ಚಪ್ಪರದಲ್ಲಿ ಬಿದ್ದವು. ಸರ್ವೋತ್ತಮ ತಾಂಡೇಲರು ಬಲೆ ಕಟ್ಟಿಡುವ ದಿನ ಬೇಬಿಯಕ್ಕನನ್ನು ಕರೆಸಿದರು. ಅವರ ತಮಾಷೆಯೆಲ್ಲ ಬತ್ತಿಹೋಗಿತ್ತು.

"ಪಾಲು ಹಾಕದೆ ಬಲೆ ಕಟ್ಟಿಡಬಾರದು ಬೇಬಿ. ನನ್ನ ಅಪ್ಪ ಒಂದು ದಿನವೂ ಹಾಗೆ ಮಾಡಲಿಲ್ಲ. ನಾನು ಆವತ್ತು ನಗೆಯಾಡಿ ಹೇಳಿದೆ, ಆದರೆ ಹೇಳಿದ್ದು ಹೇಳಿದ್ದೇ ಅಲ್ವಾ? ಆ ಒಂದು ದಿನದ ಪಾಲು ಬಾಕಿ ಉಂಟು."

"ನನ್ನದು ನಾನು ಕೇಳ್ತಾ ಇದ್ದೇನಲ್ಲ" ಎಂದಳು ಬೇಬಿಯಕ್ಕ.

"ನಿನ್ನದು ಮಾತ್ರವಾ? ಹಗ್ಗ ಹಿಡಿದವರು ಎಲ್ಲರದ್ದೂ."

ಇದನ್ನು ನನಗೆ ಹೇಳುವಾಗ ಅವಳ ಮುಖ ಬೇರೆಯೇ ಆಗಿತ್ತು. ಅಲ್ಲಿಯ ತನಕ ಅದು ಅವಳೊಬ್ಬಳ ಹಟವಾಗಿತ್ತು. ಅಂದಿನಿಂದ ಅದು ಅವಳ ಹೆಗಲಿನ ಮೇಲೆ ಇಡೀ ರಂಪಣಿಯ ಬಾಕಿಯಾಗಿ ಕೂತಿತು. ಜನ ಒಬ್ಬೊಬ್ಬರಾಗಿ ಊರು ಬಿಡುತ್ತಿದ್ದರು, ತಾಂಡೇಲರಿಗೆ ದಮ್ಮು ಹತ್ತಿತ್ತು. ಅವರು ಕಣ್ಣು ಮುಚ್ಚುವ ಮೊದಲು ಇದು ಮುಗಿಯಬೇಕಿತ್ತು. ಅವಳ ನಡಿಗೆ ಇನ್ನೂ ಚುರುಕಾಯಿತು. ನನ್ನ ಮನೆಯಲ್ಲಿ ನೀರು ಕುಡಿಯುವುದನ್ನೂ ಬಿಟ್ಟಳು.

ಎಂಬತ್ತೈದರ ಏಪ್ರಿಲ್, ಈಸ್ಟರ್ ಕಳೆದ ವಾರ. ಲೊರ್ನಾ ಈಗ ಬೊಂಬಾಯಿಯ ಒಂದು ಫ್ಲೈಯಿಂಗ್ ಕ್ಲಬ್ಬಿನಲ್ಲಿ ಕಲಿಸುತ್ತಿದ್ದಾಳೆಂದೂ, ಕ್ಲಬ್ಬಿನ ಎರಡು ಸೀಟಿನ ವಿಮಾನವನ್ನು ತಾನೇ ಹಾರಿಸಿಕೊಂಡು ಬಜಪೆಗೆ ಬರುತ್ತಾಳೆಂದೂ, ಕಾರ್ಕಳದಲ್ಲಿ ಅವಳಿಗೆ ದೊಡ್ಡ ಸನ್ಮಾನವೆಂದೂ ಗೊತ್ತಾಯಿತು. ಸಮಿತಿಯ ಅಧ್ಯಕ್ಷ ಮೌರಿಸ್ ನನ್ನ ದೊಡ್ಡಪ್ಪನ ಮಗ. ಅವನಿಂದ ಎರಡು ಪಾಸು ಕಿತ್ತುಕೊಂಡು ಬಂದೆ. ಒಂದು ನನಗೆ, ಇನ್ನೊಂದು ಯಾರಿಗೆಂದು ಅವನು ಕೇಳಲಿಲ್ಲ, ನಾನು ಹೇಳಲಿಲ್ಲ.

ಸಭಾಂಗಣದಲ್ಲಿ ಬೇಬಿಯಕ್ಕ ಕೂರಲಿಲ್ಲ. ಗೋಡೆಗೆ ಒರಗಿಯೂ ನಿಲ್ಲಲಿಲ್ಲ. ವೇದಿಕೆಯ ಮೇಲೆ ಲೊರ್ನಾ ಕುಳಿತಿದ್ದಳು. ಕೂದಲು ನರೆತಿತ್ತು. ಬಂದವರ ಮುಖ ನೋಡುವುದಕ್ಕಿಂತ ಕಿಟಕಿಯ ಹೊರಗೆ ನೋಡುವುದೇ ಹೆಚ್ಚು. ಮೌರಿಸ್ ಭಾಷಣ ಎತ್ತಿಕೊಂಡ. ಬಿರುಗಾಳಿ ಬಂತು, ಸಿಡಿಲು ಬಂತು, ಕೊನೆಗೆ ನಿರ್ಜನ ಕಡಲ ತೀರವೂ ಬಂತು.

"ನಾವು ಇದ್ದೆವು" ಎಂದಳು ಬೇಬಿಯಕ್ಕ. ದೊಡ್ಡ ಸ್ವರವೇನಲ್ಲ. ಆದರೆ ಬೀದಿ ಬೀದಿಯಲ್ಲಿ ಮೀನು ಕೂಗಿದ ಗಂಟಲು, ಇಡೀ ಸಭೆಗೆ ಕೇಳಿಸಿತು.

ಮೌರಿಸ್ ತಡವರಿಸಿ, "ಪ್ರಶ್ನೆಗಳೆಲ್ಲ ಕಾರ್ಯಕ್ರಮ ಮುಗಿದ ಮೇಲೆ" ಎಂದ.

"ಪ್ರಶ್ನೆ ಅಲ್ಲ. ಕಾಪುವಿನಲ್ಲಿ ನಾವೆಲ್ಲ ಇದ್ದೆವು. ಬಲೆ ಬಿಟ್ಟು ಎಳೆದೆವು. ಬಾಯಮ್ಮ ನನ್ನ ಮನೆಯಲ್ಲಿ ಗಂಜಿ ಉಂಡರು. ಉಪ್ಪಿನಕಾಯಿ ಬೇಡ ಎಂದರು."

ಸ್ವಯಂಸೇವಕರು ಅವಳ ಕಡೆ ಬಂದರು. ನಾನು ಅಡ್ಡ ನಿಂತು, ಹಿಂದಿನ ಬೆಂಚಿನ ಹುಡುಗರನ್ನು ನೋಡುವ ಹಾಗೆ ಅವರನ್ನು ನೋಡಿದೆ, ನಿಂತರು. ಲೊರ್ನಾ ಎದ್ದು ಮೈಕಿನ ಬಳಿ ಬಂದಳು. "ಒಣಮೀನು ಕೇಳಿದ್ದೆ" ಎಂದಳು. ಆಮೇಲೆ ಕೊಂಕಣಿಯಲ್ಲಿ ನಿಧಾನವಾಗಿ ಹೇಳಿದಳು: ಮೊದಮೊದಲು ತಾನು ಹೇಳುತ್ತಿದ್ದೆ, ಬರೆಯುವವರು ಬಿಡುತ್ತಿದ್ದರು. ಒಬ್ಬಳೇ ಎಂದರೇ ಜನಕ್ಕೆ ರುಚಿ. ಹೇಳಿ ಹೇಳಿ ಸಾಕಾಗಿ ತಾನೂ ಬಿಟ್ಟೆ. ಈಗ ತನಗೇ ಆ ದಡ ನೆನಪಿಗೆ ಬರುವುದು ಖಾಲಿಯಾಗಿ. ಇದನ್ನು ಹೇಳಿ ಅವಳು ವೇದಿಕೆಯಿಂದ ಇಳಿದು ಬಂದು ಬೇಬಿಯಕ್ಕನ ಕೈ ಹಿಡಿ​ದಳು. ನನ್ನ ಕಣ್ಣು ತುಂಬಿತು, ಅದರಲ್ಲಿ ನಾಚಿಕೆಯೇನಿಲ್ಲ. ಸಭೆ ಚಪ್ಪಾಳೆ ತಟ್ಟಿತು.

ಚಪ್ಪಾಳೆ ನಿಂತ ಮೇಲೆ ಬೇಬಿಯಕ್ಕ, "ಸಂತೋಷ ಆಯ್ತು ಬಾಯಮ್ಮ. ಪಾಲು?" ಎಂದಳು.

"ನಾಳೆಯೇ ಬಾ ಬಜಪೆಗೆ. ಆ ವಿಮಾನ ಮಾರಿ ಆಯ್ತು, ಇದು ಬೇರೆ."

"ಬೇರೆ ಆದರೆ ತೊಂದರೆ ಇಲ್ಲ, ನೀವು ಅವರೇ ಅಲ್ವಾ? ಆದರೆ ನಾನು ಒಬ್ಬಳೇ ಅಲ್ಲ. ಹಗ್ಗ ಹಿಡಿದವರು ಎಲ್ಲ ಉಂಟು."

"ಎರಡೇ ಸೀಟು ಬೇಬಿ. ಒಂದು ನನಗೆ ಬೇಕು. ಕ್ಲಬ್ಬಿನವರಿಗೆ ಈ ವಾರದಲ್ಲೇ ತಿರುಗಿ ಕೊಡಬೇಕು."

ಬೇಬಿಯಕ್ಕ ಯೋಚಿಸಿದಳು. ಅವಳು ತಾನೊಬ್ಬಳೇ ಹೋಗಿ ಸುತ್ತು ಹಾಕಿ ಬರಬಹುದಿತ್ತು, ಯಾರೂ ಏನೂ ಅನ್ನುತ್ತಿರಲಿಲ್ಲ. "ತಾಂಡೇಲರನ್ನು ಕೇಳಬೇಕು" ಎಂದು ಲೊರ್ನಾಳನ್ನೂ ನನ್ನನ್ನೂ ಅದೇ ಸಂಜೆ ಮೌರಿಸನ ಕಾರಿನಲ್ಲಿ ಕಾಪುವಿಗೆ ಹೊರಡಿಸಿದಳು. ಸನ್ಮಾನದ ಊಟ ಹಾಗೆಯೇ ಉಳಿಯಿತು.

ತಾಂಡೇಲರು ಜಗಲಿಯಲ್ಲಿ ದಿಂಬಿಗೆ ಒರಗಿ ಎಲ್ಲ ಕೇಳಿದರು. ದಮ್ಮು ಇಳಿದ ಮೇಲೆ ಲೊರ್ನಾಳನ್ನು ಕೇಳಿದರು, "ವಿಮಾನದ ನೆರಳು ಬೀಳ್ತದಾ ನೆಲದ ಮೇಲೆ?"

"ಬೀಳ್ತದೆ. ತಗ್ಗಿನಲ್ಲಿ ಹೋದರೆ ಚೆನ್ನಾಗಿ ಬೀಳ್ತದೆ. ನಡು ಮಧ್ಯಾಹ್ನ ಆದರೆ ನೇರ ಅಡಿಗೇ."

"ನಾವು ಮೀನು ನೋಡಿ ಬಲೆ ಬಿಟ್ಟವರಲ್ಲ, ನೆರಳು ನೋಡಿ ಬಿಟ್ಟವರು. ನೆರಳು ಬಂತು ಎಂದರೆ ನಮಗೆ ಮೀನು ಬಂದ ಹಾಗೆಯೇ. ಹಗ್ಗ ಹಿಡಿದು ನಿಲ್ತೇವೆ. ಬೇಬಿಯನ್ನು ಕರಕೊಂಡು ನೀವು ಮೇಲೆ ಬನ್ನಿ, ಹಗ್ಗದ ಉದ್ದಕ್ಕೆ ನಿಮ್ಮ ನೆರಳು ಹೋಗಲಿ. ಎಲ್ಲರಿಗೂ ಪಾಲು ಮುಟ್ಟಿತು ಎಂದು ನಾನು ಹೇಳ್ತೇನೆ." ತಾಂಡೇಲ ಹೇಳಿದ ಮೇಲೆ ಹೇಳಿದ ಹಾಗೆಯೇ.

ಮಲ್ಪೆಗೆ, ಹೆಜಮಾಡಿಗೆ ಸುದ್ದಿ ಹೋಯಿತು. ಬೋಟಿನವರು ಒಂದು ದಿನದ ಕೆಲಸ ಬಿಟ್ಟರು. ಬೇಸಗೆಗೆ ಊರಿಗೆ ಬಂದಿದ್ದ ಗಲ್ಫಿನವರು ಬಂದರು. ತೀರಿಹೋದವರ ಕಡೆಯಿಂದ ಅವರ ಮನೆಯವರು ಬಂದರು. ಚಪ್ಪರದಿಂದ ಹಗ್ಗ ಹೊರಬಂತು. ಅಂದು ನಿಂತಿದ್ದ ಜಾಗದಲ್ಲೇ ಒಬ್ಬೊಬ್ಬರೂ ನಿಲ್ಲಬೇಕೆಂದು ತಾಂಡೇಲರ ಕಟ್ಟಪ್ಪಣೆ. ಏಪ್ರಿಲ್‌ನ ಮರಳು ಕಾಲು ಸುಡುತ್ತಿತ್ತು. ನನ್ನನ್ನು ತುದಿಯಲ್ಲಿ ನಿಲ್ಲಿಸಿದರು, ದಾರಿಹೋಕರ ಲೆಕ್ಕದಲ್ಲಿ. ನಾನು ಸುಮ್ಮನೆ ನಿಲ್ಲಲಾರದೆ ಮುಂದೆ ಹೋಗಿ ಮೋಹಿನಿಯ ಪಕ್ಕದಲ್ಲಿ ಖಾಲಿ ಕಂಡ ಜಾಗದಲ್ಲಿ ಹಗ್ಗ ಹಿಡಿದೆ.

"ಅಲ್ಲಿ ಬೇಡ ಟೀಚರೇ" ಎಂದಳು ಮೋಹಿನಿ, "ಅದು ಅಕ್ಕನದ್ದು."

ನಾನು ತುದಿಗೆ ಮರಳಿದೆ. ಕಾದೆವು. ಬೆವರು ಕಣ್ಣಿಗೆ ಇಳಿಯುತ್ತಿತ್ತು. ತಾಂಡೇಲರನ್ನು ಕುರ್ಚಿಯಲ್ಲಿ ಕೂರಿಸಿ ಎತ್ತಿ ತಂದಿದ್ದರು. ಹಗ್ಗದ ತುದಿ ಅವರ ಮಡಿಲಲ್ಲಿತ್ತು. ತೆಂಕಣದಿಂದ ಸದ್ದು ಬಂತು. ಒಂದು ಸಣ್ಣ ವಿಮಾನ ದೀಪಸ್ತಂಭಕ್ಕೆ ಸುತ್ತು ಹಾಕಿ, ತೆಂಗಿನ ತಲೆಗಿಂತ ತುಸುವೇ ಮೇಲೆ ದಡದ ಗುಂಟ ಬಂತು. ನೆರಳು ಮರಳಿನ ಮೇಲೆ ಓಡಿಬಂತು, ತಾಂಡೇಲರ ಮೇಲೆ ಹಾಯಿತು, ಹಗ್ಗ ಹಿಡಿದವರ ತಲೆ ಹೆಗಲುಗಳ ಮೇಲೆ ಹಾಯುತ್ತಾ ನನ್ನ ತನಕ ಬಂತು. ಕ್ಷಣಮಾತ್ರ ತಂಪಾದ ಹಾಗಾಯಿತು. ಖಾಲಿ ಜಾಗದ ಮೇಲೂ ಹಾದುಹೋಗಿತ್ತು.

"ಮುಟ್ಟಿತು" ಎಂದರು ತಾಂಡೇಲರು.

ಎಲ್ಲರೂ ಹಗ್ಗ ಬಿಟ್ಟು ಮನೆಗೆ ಹೋಗುತ್ತಾರೆಂದುಕೊಂಡಿದ್ದೆ. ಯಾರೂ ಹೋಗಲಿಲ್ಲ. ಬೇಬಿ ಬರಲಿ, ಆಮೇಲೆ ಹಗ್ಗ ಸುತ್ತುವುದು ಎಂದರು ತಾಂಡೇಲರು. ಬಜಪೆಯಿಂದ ಎರಡು ಬಸ್ಸು ಬದಲಿಸಿ ಅವಳು ಬರುವಾಗ ಹೊತ್ತು ಕಡಲಿಗೆ ಇಳಿಯುತ್ತಿತ್ತು. ದೂರದಿಂದಲೇ ಓಡಿಬಂದಳು. ಯಾರ ಮುಖವನ್ನೂ ನೋಡದೆ ನೇರ ಮೋಹಿನಿಯ ಪಕ್ಕಕ್ಕೆ ಹೋಗಿ ಹಗ್ಗ ಹಿಡಿದಳು. ತಾಂಡೇಲರು ಕುರ್ಚಿಯಿಂದಲೇ ಹೈಸಾ ಹಾಕಿದರು. ಆ ತುದಿಯಲ್ಲಿ ಏನೂ ಕಟ್ಟಿರದ ಹಗ್ಗವನ್ನು ನಾವೆಲ್ಲ ಎಳೆದು ಚಪ್ಪರಕ್ಕೆ ತಂದು ಸುತ್ತಿಟ್ಟೆವು.

ಆಗಲೇ ಬೇಬಿಯಕ್ಕ ಆ ಹಗ್ಗದ ಸುರುಳಿಯ ಮೇಲೆ ಕೂತದ್ದು. ಕಾಲು ನೀಡಿ, ಸೆರಗಿನಿಂದ ಮುಖ ಒರೆಸಿಕೊಂಡು, ಪೂರ್ತಿ ಕೂತಳು. ನಾನು ಪಕ್ಕದಲ್ಲಿ ಕೂತು, ಹೇಗಿತ್ತು ಎಂದು ಕೇಳಿದೆ.

"ನಾನು ಇಳಿಸಿ ಬಾಯಮ್ಮ ಎಂದೆ" ಎಂದಳು.

"ಹೆದರಿಕೆಯಾಯಿತಾ?"

"ಹೆದರಿಕೆ ಎಂತದ್ದು? ಹಗ್ಗ ಕಂಡಿತು. ನಡುವಿನಲ್ಲಿ ನನ್ನ ಜಾಗ ಬಿಟ್ಟದ್ದು ಕಂಡಿತು. ಅಲ್ಲಿ ಹೋಗಿ ನಿಲ್ಲಬೇಕು, ಇಳಿಸಿ ಎಂದೆ. ಮರಳು ಅರ್ಧಕ್ಕರ್ಧ ಕಡಲು ತಿಂದಿದೆ, ಈಗ ಇಲ್ಲಿ ಇಳಿಯಲು ಆಗುದಿಲ್ಲ ಬೇಬಿ ಎಂದರು. ಬಜಪೆಯಲ್ಲಿ ಇಳಿದ ಮೇಲೆ ಅವರೇ ಕೇಳಿದರು, ತಾನು ಬಾರದಿದ್ದರೆ ತನಗೆ ಹಾಗೆ ಜಾಗ ಬಿಟ್ಟು ಕಾಯುವವರು ಯಾರುಂಟು ಎಂದು."

ಚಪ್ಪರದ ಹೊರಗೆ ಜನ ಮನೆಗೆ ಹೊರಟಿದ್ದರು, ತಾಂಡೇಲರ ಕುರ್ಚಿಯನ್ನು ಎತ್ತುತ್ತಿದ್ದರು.

"ಅಷ್ಟು ವರ್ಷ ಕಾದದ್ದಲ್ವಾ ಟೀಚರೇ" ಎಂದಳು ಬೇಬಿಯಕ್ಕ. "ಮೇಲಿಂದ ನನಗೆ ಎಲ್ಲರೂ ಕಂಡರು. ಆ ಸಾಲಿನಲ್ಲಿ ನಾನೊಬ್ಬಳೇ ಕಾಣಲಿಲ್ಲ."

ಕತ್ತಲಾಗುವ ತನಕ ಅವಳು ಅಲ್ಲೇ ಕೂತಿದ್ದಳು. ನಾನೂ ಎಬ್ಬಿಸಲಿಲ್ಲ.